ಅಮ್ಮನ ಹಾಡಿನೊಳಗೆ ಸೇರಿಕೊಂಡ ‘ಗುಂಯ್’ ಸದ್ದು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ತಾಯಿಗೆ 82 ವರ್ಷ. ತಿಪಟೂರು ಕಡೆಯ ಹಳ್ಳಿಯವರು. ಬೀಸುವ ಹಾಡು, ಹಸೆ ಹಾಡು, ತೊಟ್ಟಿಲ ಹಾಡು ಎಲ್ಲ ಸೇರಿ ಐವತ್ತರ ಮೇಲೆ ಅವರಿಗೆ ಬಾಯಿಪಾಠ. ಹನುಮಂತನಗರದ ನಮ್ಮ ಹಳೆಯ ಮನೆಯಲ್ಲೇ ಕಂಪ್ಯೂಟರ್‌ಗೆ ಅವನ್ನೆಲ್ಲ ರೆಕಾರ್ಡ್ ಮಾಡಿಡಬೇಕೆಂದು ಎಸ್.ಪಿ. ರಸ್ತೆಯಿಂದ ಒಂದು ಕಂಡೆನ್ಸರ್ ಮೈಕ್ ತಂದೆ. ಅದರ ಜೊತೆ ಬಂದ ವೈರನ್ನು ಸಿಪಿಯು ಡಬ್ಬದ ಮುಂಭಾಗದ ಮೈಕ್ ತೂತಿಗೆ ಚುಚ್ಚಿದ್ದೇನೆ. ದನಿ ತೀರಾ ಸಣ್ಣಗೆ ಬರುತ್ತದೆ. ಜೋರು ಮಾಡಿದರೆ ‘ಗುಂಯ್’ ಎಂಬ ಸದ್ದು ಹಾಡನ್ನೇ ನುಂಗುತ್ತದೆ. ಮೈಕ್ ಮುಟ್ಟಿದಾಗ ಅದು ಕಡಿಮೆಯಾಗುತ್ತದೆ. ಡಬ್ಬ ಮುಟ್ಟಿದರೆ ಒಮ್ಮೊಮ್ಮೆ ಬೆರಳು ಜುಮ್ಮೆನ್ನುತ್ತದೆ. ಅಮ್ಮ ರಾಗ ಎಳೆದು ನಿಲ್ಲಿಸುವ ಕಡೆ ದನಿ ಕರಗಿಹೋಗುತ್ತದೆ. ನಡುನಡುವೆ ‘ಚಿಟ್ ಚಿಟ್’ ಬೇರೆ. ದನಿ ತಿದ್ದುವ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯಲು ನೋಡಿದೆ, ಕೊಡದೊಳಗಿಂದ ಹಾಡಿದ ಹಾಗಾಯಿತು. ಅಮ್ಮನಿಗೂ ಹಾಡಿ ಹಾಡಿ ಸುಸ್ತು. ಏನು ಮಾಡಲಿ? ಈಗಾಗಲೇ ಆಗಿರುವ ಹನ್ನೊಂದು ಹಾಡುಗಳನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಮೊದಲು ಒಂದು ಕೋರಿಕೆ. ಇನ್ನು ಒಂದು ವಾರ ಅಮ್ಮನನ್ನು ಮೈಕ್ ಮುಂದೆ ಕೂರಿಸಬೇಡಿ. ಪರೀಕ್ಷೆಗೆ ನಿಮ್ಮ ದನಿ ಸಾಕು. ಒಂದರಿಂದ ಇಪ್ಪತ್ತರವರೆಗೆ ಎಣಿಸಿ, ಒಂದು ಸ್ವರವನ್ನು ಉಸಿರು ಮುಗಿಯುವವರೆಗೆ ಎಳೆಯಿರಿ, ಅಷ್ಟೇ. ಎಂಬತ್ತು ದಾಟಿದವರ ಕಂಠಕ್ಕೆ ದಿನಕ್ಕೆ ಇಷ್ಟೇ ಎಂಬ ಲೆಕ್ಕವಿರುತ್ತದೆ. ಅದನ್ನು ವೈರ್ ಸರಿಯಿದೆಯೋ ಇಲ್ಲವೋ ಎಂದು ನೋಡಲು ಖರ್ಚು ಮಾಡಬಾರದು.

ನೀವು ಹೇಳಿದ್ದರಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದೇ ಗುಂಡಿ ಒತ್ತಿ ನಾಲ್ಕನ್ನೂ ಸರಿಮಾಡುತ್ತೇನೆಂದು ಹೊರಟರೆ ಕೊಡದೊಳಗಿನ ದನಿಯೇ ಗತಿ. ಬಿಡಿಸಿ ನೋಡೋಣ.

ದನಿ ಸಣ್ಣಗಿರುವುದಕ್ಕೆ ಕಾರಣ ಅಮ್ಮನೂ ಅಲ್ಲ, ಕಂಪ್ಯೂಟರೂ ಅಲ್ಲ. ಈ ಬಗೆಯ ದಪ್ಪ ಕಂಡೆನ್ಸರ್ ಮೈಕ್‌ಗಳ ಬುಡದಲ್ಲಿ ಮೂರು ಕಡ್ಡಿಗಳ ಗುಂಡನೆಯ ಕನೆಕ್ಟರ್ ಇರುತ್ತದೆ, ಎಕ್ಸ್‌ಎಲ್‌ಆರ್ ಅನ್ನುವುದು ಅದನ್ನೇ. ಅಂಥ ಮೈಕ್ ಕೆಲಸ ಮಾಡಲು ಸಾಮಾನ್ಯವಾಗಿ 48 ವೋಲ್ಟ್ ಬೇಕು. ಫ್ಯಾಂಟಮ್ ಪವರ್ ಎಂದು ಕರೆಯುವ ಈ ವೋಲ್ಟೇಜು ಮೈಕ್‌ನ ವೈರಿನಲ್ಲೇ ಹರಿದು ಬರುತ್ತದೆ. ಕಂಪ್ಯೂಟರಿನ 3.5 ಮಿ.ಮೀ. ಮೈಕ್ ತೂತು ಕೊಡುವುದು 2ರಿಂದ 5 ವೋಲ್ಟ್ ಮಾತ್ರ. ಅದು ಹೆಡ್‌ಸೆಟ್ಟಿನ, ಕಾಲರ್ ಮೈಕಿನ ಒಳಗಿರುವ ಎಲೆಕ್ಟ್ರೆಟ್ ಎಂಬ ಪುಟ್ಟ ಮೈಕ್ ಗುಂಡಿಗೆ ಸಾಕಾಗುವಷ್ಟು. ಡಬ್ಬಿಯೊಳಗೆ ವೈರ್ ಕೊಟ್ಟಿದ್ದಾರೆ, ಚುಚ್ಚಿದರೆ ಏನೋ ಕೇಳಿಸುತ್ತದೆ, ಹಾಗಾಗಿ ಇದೇ ಸರಿ ಎಂದುಕೊಳ್ಳುತ್ತೇವೆ. ಮೈಕ್ ಅರೆಹೊಟ್ಟೆಯಲ್ಲಿ ದುಡಿಯುತ್ತಿರುತ್ತದೆ.

ಅದರ ಮೇಲೆ ವಿಂಡೋಸ್‌ನ ‘ಮೈಕ್ರೊಫೋನ್ ಬೂಸ್ಟ್’ ಏರಿಸಿದಿರಿ. 20 ಡೆಸಿಬಲ್ ಬೂಸ್ಟ್ ಎಂದರೆ ವೋಲ್ಟೇಜನ್ನು ಹತ್ತು ಪಟ್ಟು ಮಾಡುವುದು. ದನಿ ಹತ್ತು ಪಟ್ಟಾಗುವಾಗ ವೈರಿನ ಗೊರಗೊರವೂ ಹತ್ತು ಪಟ್ಟಾಗುತ್ತದೆ. ಎರಡರ ನಡುವಿನ ಅಂತರ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಇದಕ್ಕೆ ಸರಿಯಾದ ದಾರಿ, 48 ವೋಲ್ಟ್ ಕೊಡುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕ್‌ನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪುಟ್ಟ ಪೆಟ್ಟಿಗೆ. ಒಂದೇ ಮೈಕ್ ತಗಲಿಸುವ ಚಿಕ್ಕದು ಸಾಕು. ಜೊತೆಗೆ ಎರಡು ತುದಿಯಲ್ಲೂ ಎಕ್ಸ್‌ಎಲ್‌ಆರ್ ಇರುವ ವೈರ್ ತನ್ನಿ. ಆ ವೈರಿನಲ್ಲಿ ದನಿ ಎರಡು ಎಳೆಗಳಲ್ಲಿ ತಿರುವುಮುರುವಾಗಿ ಹರಿಯುತ್ತದೆ. ದಾರಿಯಲ್ಲಿ ಹೊಕ್ಕ ಹೊರಗಿನ ಸದ್ದು ಎರಡರಲ್ಲೂ ಒಂದೇ ರೀತಿ ಇರುವುದರಿಂದ, ಇಂಟರ್‌ಫೇಸ್ ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಅಳಿಸಿಹೋಗುತ್ತದೆ. ನಿಮ್ಮ ಈಗಿನ ವೈರಿಗೆ ಆ ಗುಣವಿಲ್ಲ. ಅಷ್ಟು ಖರ್ಚು ಬೇಡವೆಂದಿದ್ದರೆ ನೇರ ಯುಎಸ್‌ಬಿ ಮೈಕ್, ಇಲ್ಲವೇ ಒಳ್ಳೆಯ ಕಾಲರ್ ಮೈಕ್. ಫೋನಿಗೆಂದು ಮಾಡಿದ ಕಾಲರ್ ಮೈಕಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆಗಳಿರುತ್ತವೆ. ಮೈಕಿಗೇ ಪ್ರತ್ಯೇಕ ತೂತಿರುವ ಡೆಸ್ಕ್‌ಟಾಪಿಗೆ ಅದನ್ನು ಹಾಕಲು ನಡುವೆ ಅಡಾಪ್ಟರ್ ಬೇಕು.

ಈಗ ‘ಗುಂಯ್’ ವಿಚಾರ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಬೆರಳು ಜುಮ್ಮೆನ್ನುತ್ತದೆ ಎಂದ ಸಾಲಿನ ಮೇಲೆ. ಅದನ್ನು ನೀವು ಬಂದುಹೋಗುವ ಮಾತಿನ ಹಾಗೆ ಬರೆದಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ವಿಷಯ, ದನಿಗಿಂತಲೂ ದೊಡ್ಡದು.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಕರೆಂಟು. ಸಿಪಿಯು ಡಬ್ಬದೊಳಗಿನ ಪವರ್ ಸಪ್ಲೈನಲ್ಲಿ ಗದ್ದಲ ಸೋಸಲೆಂದು ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ: ಒಂದು ಫೇಸ್‌ನಿಂದ ಡಬ್ಬಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಡಬ್ಬಕ್ಕೆ. ಅವುಗಳ ಮೂಲಕ ಜಿನುಗುವ ಅಲ್ಪ ಕರೆಂಟನ್ನು ಮೂರನೆಯ ಪಿನ್, ಅಂದರೆ ಅರ್ತ್, ನೆಲಕ್ಕೆ ಒಯ್ಯಬೇಕು. ಅರ್ತ್ ಇಲ್ಲದಿದ್ದರೆ ಡಬ್ಬದ ತಗಡು ಸುಮಾರು ಅರ್ಧ ವೋಲ್ಟೇಜಿನಲ್ಲಿ, 115ರ ಆಸುಪಾಸಿನಲ್ಲಿ, ತೇಲುತ್ತಿರುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಹೊಡೆಯುವುದಿಲ್ಲ, ಜುಮ್ಮೆನ್ನುತ್ತದೆ. ಮೈಕ್ ವೈರಿನ ಹೊರಕವಚ ಅದೇ ತಗಡಿಗೆ ಸೇರಿರುತ್ತದೆ. ನೀವು ಮೈಕ್ ಮುಟ್ಟಿದಾಗ ನಿಮ್ಮ ಮೈಯೇ ಅರ್ತ್ ಆಗಿ ಗುಂಯ್ ತಗ್ಗುತ್ತದೆ. ಆ ಜಾಗದಲ್ಲಿ ನಾಳೆ ಬರಿಗಾಲಲ್ಲಿ ಕೂತು ಮೈಕ್ ಸ್ಟ್ಯಾಂಡ್ ಹಿಡಿಯುವವರು ಅಮ್ಮ. ಪವರ್ ಸಪ್ಲೈ ಒಳಗೆ ಏನಾದರೂ ಕೆಟ್ಟರೆ ಆಗ ಬರಿ ಜುಮ್ಮೆನ್ನುವುದಿಲ್ಲ.

ಆದ್ದರಿಂದ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಫೇಸ್ ಮತ್ತು ಅರ್ತ್ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು ಅವರು ನೋಡುತ್ತಾರೆ. ಬಲ್ಬು ಪೂರ್ತಿ ಬೆಳಗಿದರೆ ಸರಿ. ಮಂಕಾಗಿ ಉರಿದರೆ ಅಥವಾ ಉರಿಯದೇ ಇದ್ದರೆ ಅರ್ತ್ ಸತ್ತಿದೆ. ಮನೆಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್ಚು) ಹಾಕಿಸಿದ್ದರೆ ಬಲ್ಬು ಹಿಡಿದ ಕೂಡಲೇ ಅದು ಟ್ರಿಪ್ ಆಗಬೇಕು. ದಯವಿಟ್ಟು ಈ ಪರೀಕ್ಷೆಯನ್ನು ನೀವೇ ಮಾಡಬೇಡಿ. ಹನುಮಂತನಗರ, ಶ್ರೀನಗರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ನಾನು ಕಂಡಿರುವುದು ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಇದ್ದಿಲು-ಉಪ್ಪು ತುಂಬಿ ಮಾಡಿದ ಅರ್ತ್ ಗುಂಡಿ ಒಣಗಿರುತ್ತದೆ, ಇಲ್ಲವೇ ಪೋರ್ಟಿಕೊಗೆ ಟೈಲ್ಸ್ ಹಾಕಿಸುವಾಗ ಅದರ ಬಾಯನ್ನೇ ಮುಚ್ಚಿರುತ್ತಾರೆ. ಹಿಂದೆ ಮನೆಯ ಹಿರಿಯರು ಬೇಸಿಗೆಯಲ್ಲಿ ಆ ಗುಂಡಿಗೆ ಬಿಂದಿಗೆ ನೀರು ಹಾಕುತ್ತಿದ್ದರು, ಅದು ಸುಮ್ಮನೆ ಮಾಡಿದ್ದಲ್ಲ. ಎರಡು, ಗೋಡೆಯಲ್ಲಿ ಅರ್ತ್ ಇದ್ದರೂ ಎಕ್ಸ್‌ಟೆನ್ಷನ್ ಬೋರ್ಡಿನ ವೈರಿನಲ್ಲಿ ಎರಡೇ ಎಳೆ ಇರುತ್ತದೆ, ಅಥವಾ ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿರುತ್ತಾರೆ. ಗುಂಯ್ ಹೋಗಲೆಂದು ಅರ್ತ್ ಪಿನ್ನನ್ನೇ ಮುರಿಯಿರಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಅರ್ತ್ ಸರಿಯಾದ ಮೇಲೂ ಗುಂಯ್ ಉಳಿದರೆ ಕೊಂಡಿ ಕೊಂಡಿಯಾಗಿ ಹುಡುಕಬೇಕು. ಮೈಕ್ ವೈರನ್ನು ಪೂರ್ತಿ ಕಿತ್ತು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಸದ್ದು ಇದ್ದರೆ ಅದು ಕಂಪ್ಯೂಟರಿನದು. ಮೈಕ್ ಇಲ್ಲದೆ ಬರಿ ವೈರ್ ಹಾಕಿ ಮತ್ತೆ ಹತ್ತು ಸೆಕೆಂಡ್. ಈಗ ಬಂದರೆ ವೈರಿನದು. ಕೊನೆಗೆ ಮೈಕ್ ಸೇರಿಸಿ. ಪ್ರತಿ ಸಲವೂ ಒಂದೇ ಒಂದನ್ನು ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಕಿವಿ ಅನುಮಾನಪಟ್ಟರೆ ಯಾವ ಕಂಪನದ ಸದ್ದು ಎಷ್ಟಿದೆ ಎಂದು ಗೆರೆಗಳಲ್ಲಿ ತೋರಿಸುವ ಆಡಾಸಿಟಿಯ ‘ಪ್ಲಾಟ್ ಸ್ಪೆಕ್ಟ್ರಮ್’ ತೆರೆಯಿರಿ. 50, 100, 150 ಹರ್ಟ್ಸ್‌ಗಳಲ್ಲಿ ಮೊಳೆಯಂತೆ ಎದ್ದು ನಿಂತ ಗೆರೆಗಳು ಕಂಡರೆ ಅದು ಕರೆಂಟಿನ ಸದ್ದೇ. ಮೌಸ್ ಆಡಿಸಿದಾಗ ‘ಕಿರ್’ ಎಂದರೆ ಮುಂಭಾಗದ ತೂತಿನ ತಪ್ಪು. ಆ ತೂತಿನಿಂದ ಮದರ್‌ಬೋರ್ಡಿಗೆ ಹೋಗುವ ತೆಳು ವೈರು ಡಬ್ಬದೊಳಗಿನ ಗದ್ದಲದ ನಡುವೆಯೇ ಹಾದುಹೋಗುತ್ತದೆ. ಹಿಂಭಾಗದ ಗುಲಾಬಿ ತೂತಿಗೆ ಬದಲಿಸಿ. ಯುಎಸ್‌ಬಿ ಆದರೂ ಹಿಂಭಾಗಕ್ಕೇ, ಹಬ್ ಇಲ್ಲದೆ ನೇರವಾಗಿ.

‘ಗುಂಯ್’ ಅಲ್ಲದೆ ಒರಟಾಗಿ ‘ಝುಂಯ್’ ಎಂದು ಕೇಳಿದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನೋ, ಮಂಕು ಮಾಡಬಲ್ಲ ದೀಪದ ಸ್ವಿಚ್ಚನ್ನೋ ಸಂಶಯಿಸಿ. ಅವು ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತವೆ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಮನೆ ನಡೆಯುವಾಗಲೂ ಹೀಗೇ. ಸ್ಕ್ವೇರ್ ವೇವ್ ಇನ್ವರ್ಟರ್ ಆದರಂತೂ ಆ ಹೊತ್ತು ರೆಕಾರ್ಡಿಂಗ್ ನಿಲ್ಲಿಸಿಬಿಡುವುದೇ ಮೇಲು.

ರಾಗ ಎಳೆದ ಕಡೆ ದನಿ ಕರಗುವುದು ಬೇರೆಯೇ ಕಥೆ. ವಿಂಡೋಸ್‌ನಲ್ಲಿ ಮತ್ತು ಸೌಂಡ್ ಡ್ರೈವರ್‌ನಲ್ಲಿ ‘ನಾಯ್ಸ್ ಸಪ್ರೆಶನ್’ ಎಂಬುದೊಂದು ತಾನಾಗಿಯೇ ಚಾಲೂ ಆಗಿರಬಹುದು. ಅದನ್ನು ಮಾಡಿರುವುದು ಮೀಟಿಂಗಿನ ಮಾತಿಗಾಗಿ. ಮಾತು ಎಂದರೆ ಬಿಟ್ಟು ಬಿಟ್ಟು ಬರುವ ಸದ್ದು. ಏರಿಳಿಯದೆ ಒಂದೇ ಸಮ ಇರುವುದು ಫ್ಯಾನು, ಎಸಿ. ಇದೇ ಅದರ ತರ್ಕ. ಬೀಸುವ ಹಾಡಿನ ಸಾಲಿನ ತುದಿಯಲ್ಲಿ ಅಮ್ಮ ಒಂದೇ ಸ್ವರದಲ್ಲಿ ನಿಂತಾಗ ಅದಕ್ಕೆ ಅವರೂ ಫ್ಯಾನಿನಂತೆಯೇ ಕೇಳುತ್ತಾರೆ, ಮೆಲ್ಲಗೆ ಅಳಿಸುತ್ತದೆ. ಆನ್‌ಲೈನ್ ಸಂಗೀತ ಪಾಠದಲ್ಲಿ ಶ್ರುತಿಪೆಟ್ಟಿಗೆಯ ಸದ್ದು ಆ ಕಡೆಯವರಿಗೆ ಕೇಳಿಸದೆ ಹೋಗುವುದೂ ಇದರಿಂದಲೇ. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಮೈಕ್ ಆರಿಸಿ, ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಎಂಬುದನ್ನು ‘ಆಫ್’ ಮಾಡಿ. ಸೌಂಡ್ ಕಾರ್ಡಿನ ಸ್ವಂತ ಆಪ್ ಇದ್ದರೆ ಅದರಲ್ಲಿರುವ ಎಕೊ ಕ್ಯಾನ್ಸಲೇಶನ್, ನಾಯ್ಸ್ ಸಪ್ರೆಶನ್ ಗುರುತುಗಳನ್ನೂ ತೆಗೆಯಿರಿ. ವಿಂಡೋಸ್‌ನ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೈಕ್‌ಗೆ ‘ಲಿಸನ್ ಟು ದಿಸ್ ಡಿವೈಸ್’ ಗುರುತು ಇದ್ದರೆ ಅದನ್ನೂ. ಇಲ್ಲದಿದ್ದರೆ ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೋಗಿ ಮಾರ್ದನಿ ಹುಟ್ಟುತ್ತದೆ. ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ರೆಕಾರ್ಡ್ ಮಾಡುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅದರ ಮೈಕ್ ಚಾಲೂ ಆದೊಡನೆ ಸಾಮಾನ್ಯವಾಗಿ ದನಿ ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳಿಗೆ ಇಳಿಯುತ್ತದೆ, ಫೋನಿನಲ್ಲಿ ಮಾತಾಡಿದ ಹಾಗೆ.

‘ಚಿಟ್ ಚಿಟ್’ ಎಂದರೆ ಕಂಪ್ಯೂಟರಿಗೆ ಪುರುಸೊತ್ತಿಲ್ಲ ಎಂದರ್ಥ. ದನಿಯ ತುಣುಕುಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿಕೊಳ್ಳಲಾಗದೆ ಕೆಲವನ್ನು ಬೀಳಿಸಿಕೊಳ್ಳುತ್ತಿದೆ. ವೈಫೈ ಆಫ್ ಮಾಡಿ, ಬ್ರೌಸರ್ ಮುಚ್ಚಿ, ಪವರ್ ಪ್ಲಾನನ್ನು ‘ಹೈ ಪರ್ಫಾರ್ಮೆನ್ಸ್’ಗೆ ಹಾಕಿ, ಯುಎಸ್‌ಬಿ ನಿದ್ರಿಸುವ ಆಯ್ಕೆಯನ್ನು ತೆಗೆಯಿರಿ. ಆಡಾಸಿಟಿಯ ಬಫರ್, ಅಂದರೆ ದನಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ, ಸ್ವಲ್ಪ ಹೆಚ್ಚಿಸಿ. ವಿಂಡೋಸ್‌ನಲ್ಲಿ ಮೈಕ್‌ಗೆ 48,000 ಹರ್ಟ್ಸ್ (ಸೆಕೆಂಡಿಗೆ 48,000 ಮಾದರಿ) ಇದ್ದರೆ ಆಡಾಸಿಟಿಯಲ್ಲೂ 48,000 ಇರಲಿ. ಒಂದು ಕಡೆ 44,100 ಇನ್ನೊಂದು ಕಡೆ 48,000 ಆಗಿ ಲೆಕ್ಕ ತಪ್ಪಿದರೆ ಶ್ರುತಿಯೇ ಒಂದೂವರೆ ಸ್ವರಸ್ಥಾನದಷ್ಟು ಜರುಗಿಬಿಡಬಹುದು. ಹಾಡಿನ ನಡೆಯೂ ಅದಕ್ಕೆ ತಕ್ಕಂತೆ ನಿಧಾನವಾಗುತ್ತದೆ ಅಥವಾ ಓಡುತ್ತದೆ.

ಇನ್ನು ಕೋಣೆ. ಹಾಲ್ ಬೇಡ. ರೆಡ್ ಆಕ್ಸೈಡ್ ನೆಲ, ಬರಿ ಗೋಡೆ, ಎತ್ತರದ ಸೂರು ಇದ್ದರೆ ದನಿ ಹತ್ತು ಸಲ ಬಡಿದು ಮೈಕಿಗೆ ಮರಳುತ್ತದೆ. ಮನೆಯ ಎಲ್ಲ ಕೋಣೆಗಳಲ್ಲೂ ಒಂದು ಚಪ್ಪಾಳೆ ತಟ್ಟಿ ನೋಡಿ; ಎಲ್ಲಿ ಚಪ್ಪಾಳೆ ಒಡನೆಯೇ ಸಾಯುತ್ತದೋ ಅದೇ ನಿಮ್ಮ ಸ್ಟುಡಿಯೊ. ಹೆಚ್ಚಾಗಿ ಅದು ಹಾಸಿಗೆ, ಬಟ್ಟೆಯ ಬೀರು ಇರುವ ಮಲಗುವ ಕೋಣೆ. ಬೀರುವಿನ ಬಾಗಿಲು ತೆರೆದಿಡಿ, ಸೀರೆಗಳ ಸಾಲಿನಷ್ಟು ಚೆನ್ನಾಗಿ ದನಿ ಹೀರುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ನೆಲಕ್ಕೆ ಜಮಖಾನ, ಅಮ್ಮನ ಬೆನ್ನ ಹಿಂದೆ ದಪ್ಪ ರಗ್ಗು. ಅವರು ಯಾವಾಗಲೂ ಕೂರುವ ಹಾಗೆಯೇ ಕೂರಲಿ, ಮೈಕ್ ಅವರ ಎತ್ತರಕ್ಕೆ ಇಳಿಯಲಿ.

ಬಾಯಿಂದ ಮೈಕಿಗೆ ಒಂದು ಗೇಣು ದೂರ ಸಾಕು. ದೂರವನ್ನು ಅರ್ಧ ಮಾಡಿದರೆ ನೇರ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಕೋಣೆಯ ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಯಾವ ಸಾಫ್ಟ್‌ವೇರೂ ಇಷ್ಟು ಶುದ್ಧವಾಗಿ ಈ ಕೆಲಸ ಮಾಡಲಾರದು. ಮೈಕ್ ಬಾಯಿಗೆ ನೇರ ಎದುರಾಗಿ ಬೇಡ, ಸ್ವಲ್ಪ ಓರೆಯಾಗಿ ಇಡಿ. ಇಲ್ಲದಿದ್ದರೆ ‘ಪ’, ‘ಬ’, ‘ಭ’ ಬಂದಲ್ಲೆಲ್ಲ ಗಾಳಿ ಬಡಿದು ‘ಧಪ್’ ಎನ್ನುತ್ತದೆ. ಈ ಮೈಕ್‌ಗಳು ಸಾಮಾನ್ಯವಾಗಿ ಮಗ್ಗುಲಿಂದ ಕೇಳಿಸಿಕೊಳ್ಳುವಂಥವು, ತುದಿಯಿಂದಲ್ಲ. ಎರಡೂ ಬದಿಗೆ ಎಣಿಸಿ ನೋಡಿ, ಯಾವ ಬದಿ ತುಂಬು ದನಿ ಬರುತ್ತದೋ ಆ ಬದಿ ಅಮ್ಮನ ಕಡೆಗಿರಲಿ.

ಬೆಂಗಳೂರಿನಲ್ಲಿ ಸದ್ದಿಲ್ಲದ ಗಳಿಗೆ ಎಂಬುದಿಲ್ಲ, ಸದ್ದು ಕಡಿಮೆಯಿರುವ ಗಳಿಗೆಗಳಿವೆ. ಬೆಳಗ್ಗೆ ಕಸದ ಆಟೊ, ಸೊಪ್ಪಿನವರು, ಮೂರು ಮನೆಯ ಕುಕ್ಕರ್. ಸಂಜೆ ಶಾಲೆ ಬಿಟ್ಟ ಮಕ್ಕಳು. ಊಟವಾಗಿ ಒಂದು ಸಣ್ಣ ನಿದ್ದೆ, ಆಮೇಲೆ ಕಾಫಿ, ಆಮೇಲೆ ಹಾಡು: ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಫ್ಯಾನ್ ಆರಿಸಲು ನಮ್ಮೂರಿನ ಹವೆ ವರ್ಷದ ಹೆಚ್ಚಿನ ತಿಂಗಳು ಅಡ್ಡಿ ಮಾಡುವುದಿಲ್ಲ. ಸಂಪಿನ ಮೋಟಾರ್ ಆಫ್, ಫ್ರಿಜ್ ಆಫ್. ಫ್ರಿಜ್ ಆರಿಸಿದ ಕೂಡಲೇ ನಿಮ್ಮ ಗಾಡಿ ಕೀಯನ್ನು ಅದರೊಳಗೇ ಇಡಿ, ಮತ್ತೆ ಹಚ್ಚಲು ಮರೆಯುವುದಿಲ್ಲ.

ರೆಕಾರ್ಡಿಂಗ್ ಮಟ್ಟದ ವಿಚಾರದಲ್ಲಿ ಒಂದೇ ಮಾತು: ಅಮ್ಮನ ಅತಿ ಜೋರಿನ ಸಾಲು ಬಂದಾಗಲೂ ಆಡಾಸಿಟಿಯ ಮೀಟರ್ ಮೈನಸ್ 12 ಡೆಸಿಬಲ್ ಸುತ್ತ ಇರಲಿ, ಮೈನಸ್ 6 ದಾಟದಿರಲಿ. ಹಳೆಯ ಟೇಪಿನಲ್ಲಿ ದನಿ ಸ್ವಲ್ಪ ಮೀರಿದರೂ ಮೆತ್ತಗೆ ಒರಟಾಗುತ್ತಿತ್ತು. ಇಲ್ಲಿ ಸೊನ್ನೆ ಎಂದರೆ ಸೂರು. ತಲೆ ತಾಗಿದ ಅಲೆ ಕತ್ತರಿಸಿ ಹೋಗುತ್ತದೆ, ಹಿಂದಿರುಗುವುದಿಲ್ಲ. ಇಂಟರ್‌ಫೇಸ್ ಬಂದ ಮೇಲೆ 24 ಬಿಟ್, 48,000 ಹರ್ಟ್ಸ್, ಮೊನೊ ಇಟ್ಟುಕೊಳ್ಳಿ. ಇರುವುದು ಒಂದೇ ಮೈಕ್, ಸ್ಟಿರಿಯೊ ಇಟ್ಟರೆ ದನಿ ಒಂದೇ ಕಿವಿಗೆ ಬರಬಹುದು. ಡಬ್ಲ್ಯುಎವಿ ಕಡತವಾಗಿ ಉಳಿಸಿದರೆ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಐವತ್ತು ಹಾಡಿಗೂ ಒಂದು ಪೆನ್‌ಡ್ರೈವ್ ಸಾಕು. ಎಂಪಿ3 ಬೇಕಿದ್ದರೆ ಆಮೇಲೆ ಪ್ರತಿ ತೆಗೆದು ಮಾಡಿ. ನಿಮ್ಮ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮೂರಡಿ ದೂರದಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿಡಿ. ಕಂಪ್ಯೂಟರ್ ಕೈಕೊಟ್ಟರೆ ಅದಾದರೂ ಇರುತ್ತದೆ. ಪ್ರತಿ ಕೂರುವಿಕೆಗೂ ಮೊದಲು ಯಾರೂ ಮಾತಾಡದೆ ಹದಿನೈದು ಸೆಕೆಂಡ್ ಖಾಲಿ ಕೋಣೆಯ ಸದ್ದನ್ನೂ ಹಿಡಿದಿಡಿ, ಮುಂದೆ ಶುಚಿ ಮಾಡುವಾಗ ಅದೇ ಬೇಕಾಗುತ್ತದೆ.

ಶುಚಿ ಮಾಡುವ ಬಗ್ಗೆ ನನ್ನದೊಂದು ನೋವು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ನಮ್ಮ ಅಜ್ಜಿಯ ತಂಗಿಯ ಆರತಿ ಹಾಡುಗಳನ್ನು ರೆಕಾರ್ಡ್ ಮಾಡಿದ್ದೆ. ಹಿಂದೆ ಸ್ವಲ್ಪ ‘ಸೊಂಯ್’ ಇತ್ತು. ನಾಯ್ಸ್ ರಿಡಕ್ಷನ್ ಜೋರಾಗಿ ಹಾಕಿ, ಅದೇ ಕಡತದ ಮೇಲೆಯೇ ಉಳಿಸಿಬಿಟ್ಟೆ. ‘ಸೊಂಯ್’ ಜೊತೆ ಅವರ ‘ಸ’ಕಾರ, ‘ಶ’ಕಾರ, ಸಾಲುಗಳ ನಡುವಿನ ಉಸಿರು ಎಲ್ಲವೂ ಹೋದವು. ಅವುಗಳ ಸದ್ದೂ ಆ ಗದ್ದಲವೂ ಇರುವುದು ಒಂದೇ ಎತ್ತರದ ಕಂಪನಗಳಲ್ಲಿ. ಮುಂದಿನ ದಸರೆಗೆ ಆ ಅಜ್ಜಿ ಇರಲಿಲ್ಲ. ಈಗ ಆ ದನಿ ಕೇಳಿದಾಗಲೆಲ್ಲ ನನಗೆ ಕೇಳಿಸುವುದು ನಾನು ಅಳಿಸಿದ್ದು. ಗದ್ದಲವಿರುವ ಮೂಲವನ್ನು ಹತ್ತು ವರ್ಷ ಬಿಟ್ಟು ಇನ್ನೂ ಒಳ್ಳೆಯ ಸಲಕರಣೆಯಿಂದ ಶುಚಿ ಮಾಡಬಹುದು. ಅಳಿಸಿಹೋದದ್ದನ್ನು ಯಾರೂ ತಂದುಕೊಡಲಾರರು. ಆದ್ದರಿಂದ ಮೂಲ ಕಡತವನ್ನು ಮುಟ್ಟಬೇಡಿ, ಎರಡು ಬೇರೆ ಬೇರೆ ಜಾಗದಲ್ಲಿಡಿ, ಕೆಲಸವೆಲ್ಲ ಪ್ರತಿಯ ಮೇಲೆ ನಡೆಯಲಿ. ಆ ಪ್ರತಿಗೂ ನಾಯ್ಸ್ ರಿಡಕ್ಷನ್ 6 ಡೆಸಿಬಲ್ ಸುತ್ತ ಇದ್ದರೆ ಸಾಕು, ಮತ್ತೆ ಮತ್ತೆ ಹಾಕಬೇಡಿ.

ಈಗಿರುವ ಹನ್ನೊಂದು ಹಾಡುಗಳು. ಒಂದನ್ನೂ ಅಳಿಸಬೇಡಿ. ‘ಗುಂಯ್’ ಇದ್ದು ದನಿ ಪೂರ್ತಿಯಾಗಿರುವವು ಬಹುಮಟ್ಟಿಗೆ ಉಳಿಯುತ್ತವೆ. ಪ್ರತಿ ತೆಗೆದು, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ ಪಾಸ್ ಫಿಲ್ಟರ್‌ನಲ್ಲಿ ಕತ್ತರಿಸಿ. ಹೆಂಗಸರ ಕಂಠ ಅಷ್ಟು ಕೆಳಗೆ ಇಳಿಯುವುದಿಲ್ಲ. ಆಮೇಲೆ 100ಕ್ಕೆ, 150ಕ್ಕೆ ಒಂದೊಂದು ಸಣ್ಣ ನಾಚ್ ಫಿಲ್ಟರ್, ಅಂದರೆ ಆ ಒಂದು ಕಂಪನವನ್ನಷ್ಟೇ ತೆಗೆಯುವ ಫಿಲ್ಟರ್. ರಾಗದ ತುದಿ ಕರಗಿರುವವನ್ನು ಮಾತ್ರ ಯಾವ ಫಿಲ್ಟರೂ ತುಂಬಿಕೊಡಲಾರದು. ಹೆಡ್‌ಫೋನ್ ಹಾಕಿಕೊಂಡು ಹನ್ನೊಂದನ್ನೂ ಒಮ್ಮೆ ಕೇಳಿ ಅಂಥವುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಡಿ. ಎಲ್ಲವೂ ಸಿದ್ಧವಾದ ದಿನ, ಅಮ್ಮನ ಗಂಟಲು ಹೊಸದಾಗಿರುವ ಮೊದಲ ಅರ್ಧ ಗಂಟೆಯಲ್ಲಿ, ಆ ಚೀಟಿಯಲ್ಲಿರುವ ಹಾಡುಗಳನ್ನೇ ಮೊದಲು ಹಾಡಿಸಿಕೊಳ್ಳಿ. ಪ್ರತಿ ಹಾಡಿಗೂ ಮುಂಚೆ ಅದನ್ನು ಯಾರಿಂದ ಕಲಿತರು, ಯಾವ ಕೆಲಸದ ಹೊತ್ತಿಗೆ ಹಾಡುತ್ತಿದ್ದರು ಎಂದು ಕೇಳಿ, ಆ ಮಾತೂ ರೆಕಾರ್ಡ್ ಆಗಲಿ.